ನಿನ್ನೆಯ ಪುಟ ನೋಡಿ ಬರೆದ ಮುಖ

ಅವತ್ತು ಮಗಳು ಹೀರೇಕಾಯಿ ಪಲ್ಯವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬಂದದ್ದು ಸಂತೋಷ. ಹೀರೇಕಾಯಿ ಕಂಡರೆ ತಟ್ಟೆಯನ್ನೇ ದೂಡುತ್ತಿದ್ದ ಹುಡುಗಿಗೆ ಅಂತೂ ಬುದ್ಧಿ ಬಂತಲ್ಲ ಎಂದುಕೊಂಡು ಒಲೆಯ ಕಡೆ ತಿರುಗಿ ಇನ್ನೊಂದು ರೊಟ್ಟಿ ತಟ್ಟಿದೆ.

ನಮ್ಮೂರಿನಲ್ಲಿ ನಿದ್ದೆ ಮುಖಗಳನ್ನು ತೆಗೆದುಕೊಂಡು ಹೋಗುತ್ತದೆ. ದನಿಯನ್ನೂ ಬಿಡುವುದಿಲ್ಲ. ಹೆಸರು ಇರುತ್ತದೆ, ಜಗಳ ಇರುತ್ತದೆ, ಯಾರ ಮನೆಯ ಸಾರಿಗೆ ಉಪ್ಪು ಜಾಸ್ತಿ ಅನ್ನುವುದೂ ಚೆನ್ನಾಗಿ ನೆನಪಿರುತ್ತದೆ. ಬೆಳಿಗ್ಗೆ ಎದ್ದರೆ ಮುಖ, ದನಿ ಮಾತ್ರ ಇರುವುದಿಲ್ಲ. ಅದಕ್ಕೇ ದೀಪ ಹಚ್ಚುವ ಹೊತ್ತಿಗೆ ಪ್ರತಿ ಮನೆಯಲ್ಲೂ ಸಂಜೆ ಪುಸ್ತಕ ಹೊರಗೆ ಬರುತ್ತದೆ. ಮನೆಯವರು ಎದುರುಬದುರು ಕೂತು ಒಬ್ಬರ ಮುಖವನ್ನು ಒಬ್ಬರು ಬರೆದುಕೊಳ್ಳುತ್ತಾರೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಆ ಪುಟ ನೋಡಿಕೊಳ್ಳುತ್ತಾರೆ. ಬೇರೆ ಊರಿನವರಿಗೆ ಇದು ವಿಚಿತ್ರ ಅನ್ನಿಸುತ್ತದಂತೆ. ಬರೆದುಕೊಳ್ಳದೆ ಅವರು ಅದು ಹೇಗೆ ನೆನಪಿಟ್ಟುಕೊಳ್ಳುತ್ತಾರೋ, ನಮಗೆ ಅದು ವಿಚಿತ್ರ.

ಆ ಪುಸ್ತಕಗಳನ್ನು ಹೊಲಿಯುವವಳು ನಾನು. ಬೆಳಗಿನ ಜಾವ ಎದ್ದು ಮೆಸ್ಸಿಗೆ ಹೋಗಿ ಇಡ್ಲಿ ಬೇಯಿಸುತ್ತೇನೆ. ಮಧ್ಯಾಹ್ನ ಬೈಂಡಿಂಗ್ ಅಂಗಡಿಯಲ್ಲಿ ಮೈದಾ ಅಂಟು ಕಾಯಿಸಿ, ಹುಳ ಹಿಡಿಯದಿರಲೆಂದು ಅದಕ್ಕೆ ಚೂರು ಮೈಲುತುತ್ತ ಹಾಕಿ, ಹಾಳೆ ಮಡಚಿ, ಮೇಣ ಸವರಿದ ದಾರದಲ್ಲಿ ಹೊಲಿದು, ಯಾರದೋ ಹಳೆಯ ಸೀರೆಯ ತುಂಡನ್ನು ರಟ್ಟಿಗೆ ಸುತ್ತುತ್ತೇನೆ. ಜನ ತಮ್ಮ ಸೀರೆ ತಾವೇ ತಂದುಕೊಡುತ್ತಾರೆ. "ಅಂಬುಜಕ್ಕಾ, ಇದು ನಮ್ಮತ್ತೆ ಸೀರೆ, ಅಂಚು ಹೊರಗೆ ಬರೋ ಹಂಗೆ ಹಾಕು." ಗಂಡ ಹೋದ ಮೇಲೆ ಮೆಸ್ಸಿನ ಕೆಲಸದ ಜೊತೆ ಇದನ್ನೂ ಹಿಡಿದದ್ದು. ಅವರ ಮುಖ ನನಗೆ ನೆನಪಿಲ್ಲ. ಅಟ್ಟದ ಮೇಲಿನ ಪುಸ್ತಕದಲ್ಲಿದೆ. ಇಳಿಸಿ ನೋಡಲು ಏಣಿ ಬೇಕು, ಏಣಿ ತರಲು ಪುರಸೊತ್ತು ಬೇಕು.

ಸಂಜೆ ನನ್ನ ಪುಸ್ತಕ ಬರೆಯುವುದನ್ನು ಮಾತ್ರ ನಾನು ಒಂದು ದಿನವೂ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಬರೆದಿದ್ದೇನೆ. ಆದರೆ ಕೂತು ಮುಖ ನೋಡಿ ಬರೆಯಲು ಹೊತ್ತೆಲ್ಲಿ? ಒಲೆಯ ಮೇಲೆ ಅನ್ನ ಇರುತ್ತದೆ, ಮಗಳ ಲಂಗದ ದಾರ ಕಿತ್ತಿರುತ್ತದೆ. ಅದಕ್ಕೆ ನಿನ್ನೆಯ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನೇ ನೋಡಿ ಬರೆಯುತ್ತಿದ್ದೆ. ನಿನ್ನೆಯದು ಮೊನ್ನೆಯದನ್ನು ನೋಡಿ ಬರೆದದ್ದು. ಹಾಗೇ ಹಿಂದಕ್ಕೆ. ಎಲ್ಲರೂ ಹಾಗೇ ಮಾಡುತ್ತಾರೆ ಎಂದೇ ನಾನು ತಿಳಿದಿದ್ದೆ. ಕೈ ಎಷ್ಟು ಪಳಗಿತ್ತೆಂದರೆ ಅನ್ನ ಉಕ್ಕುವುದರೊಳಗೆ ಮುಖ ಮುಗಿದಿರುತ್ತಿತ್ತು. ಬೈಂಡಿಂಗ್ ಅಂಗಡಿಯ ಯಜಮಾನರು ನನ್ನ ಪುಸ್ತಕ ಕೇಳಿ ಪಡೆದು ಗಿರಾಕಿಗಳಿಗೆ ತೋರಿಸುತ್ತಿದ್ದರು. "ನೋಡಿ ಸ್ವಾಮಿ, ಅಭ್ಯಾಸ ಅಂದ್ರೆ ಇದು. ಮೊದಲ ಪುಟಕ್ಕೂ ಕೊನೆ ಪುಟಕ್ಕೂ ಒಂದು ಗೆರೆ ಆಚೀಚೆ ಆಗಿಲ್ಲ." ನಾನು ತಲೆ ತಗ್ಗಿಸಿ ಅಂಟು ಕಲಸುತ್ತಿದ್ದೆ. ಹೆಮ್ಮೆಯೇ ಆಗುತ್ತಿತ್ತು.

ಬೆಳಿಗ್ಗೆ ನಾನು ಹೊರಡುವಾಗ ಮಗಳು ವೇಣಿ ತಲೆತುಂಬ ಹೊದ್ದು ಮಲಗಿರುತ್ತಾಳೆ. ಎದುರು ಮನೆಯ ಸಾವಂತ್ರಕ್ಕ ಅವಳನ್ನು ಎಬ್ಬಿಸಿ ಸ್ಕೂಲಿಗೆ ಕಳಿಸುತ್ತಾರೆ. ಸಂಜೆ ಕರೆದುಕೊಂಡು ಬರುವುದು ನನ್ನ ಪಾಲು. ಸ್ಕೂಲಿನ ಹಳೆಯ ಆಯಾ ಚಿಕ್ಕತಾಯಮ್ಮ ಇದ್ದಷ್ಟು ದಿನ ಅದೇನೂ ಕಷ್ಟವಾಗಿರಲಿಲ್ಲ. ಆಕೆ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಳು, ಮಕ್ಕಳು ಗೇಟಿನಿಂದ ಸುರಿದು ಬರುತ್ತಿದ್ದವು. ನಾನು ಗೇಟಿಗೆ ಬೆನ್ನು ಮಾಡಿಕೊಂಡು ಎದುರಿಗೆ ಕೂತ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದೆ. ಹಿಂದಿನಿಂದ ಸೆರಗು ಜಗ್ಗಿದರೆ ಮಗಳು ಬಂದಳು ಎಂದು ಅರ್ಥ. ಜಗ್ಗಿದವಳ ಕೈ ಹಿಡಿದು ಮನೆಗೆ ಹೊರಡುವುದು. ಮನೆಯಲ್ಲಿ ಇದ್ದವಳೇ ಮಗಳು. ಇದರಲ್ಲಿ ತಪ್ಪು ಆಗುವುದಕ್ಕೆ ಜಾಗವೇ ಇರಲಿಲ್ಲ.

ಅವತ್ತು ಹೋದರೆ ಸೊಪ್ಪಿನವಳು ಇಲ್ಲ. ಚಿಕ್ಕತಾಯಮ್ಮನೂ ಇಲ್ಲ. ಗೇಟಿನಲ್ಲಿ ದಾಕ್ಷಾಯಣಮ್ಮ ಎಂಬ ಹೊಸ ಆಯಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಗೇಟಿನ ಮುಂದೆ ವ್ಯಾಪಾರ ಗೀಪಾರ ಎಲ್ಲ ಇಲ್ಲ. ಲೈನಲ್ಲಿ ಬನ್ನಿ. ಪುಟ ತೆಗೆದು ಕೈಯಲ್ಲಿ ಹಿಡ್ಕೊಳ್ಳಿ. ಪುಟಕ್ಕೆ ಹೋಲೋ ಮಗು ನಿಮ್ದು. ಹೋಲದೇ ಇದ್ರೆ ನೀವು ಯಾರೋ, ನಾನು ಯಾರೋ." ನಿಯಮವೇನೋ ಮೊದಲಿನಿಂದ ಇದ್ದದ್ದೇ. ಹೆಸರು ಕೇಳಿ ಮಕ್ಕಳನ್ನು ಬಿಡುತ್ತಿದ್ದ ಕಾಲದಲ್ಲಿ ಮಕ್ಕಳೆಲ್ಲ ಊಟ ಚೆನ್ನಾಗಿರುವ ಮನೆಯ ಹೆಸರು ಹೇಳಿ ಹೊರಟುಬಿಡುತ್ತಿದ್ದರಂತೆ. ನಾನು ನನ್ನ ಪುಟ ತೆರೆದು ಹಿಡಿದೆ. ಆಯಾ ಅದನ್ನು ನೋಡಿದಳು, ಮಕ್ಕಳ ಸಾಲಿನ ಕಡೆ ನೋಡಿದಳು, ಒಂದು ಹುಡುಗಿಯನ್ನು ಭುಜ ಹಿಡಿದು ಮುಂದೆ ತಂದಳು. ಗುಂಡು ಕೆನ್ನೆ, ಸಣ್ಣ ಗಲ್ಲ, ಸಾಲು ಹಲ್ಲು. ಪುಟದಿಂದ ಎದ್ದು ಬಂದ ಹಾಗಿದ್ದಳು. "ಇವಳೇ ತಾನೆ?" ಅಂದಳು ಆಯಾ. "ಅಯ್ಯೋ, ಇವಳೇ" ಅಂದೆ. ಹುಡುಗಿಯೂ ಪುಟ ನೋಡಿ, "ನಾನೇ!" ಎಂದು ನಕ್ಕು ನನ್ನ ಬೆರಳು ಹಿಡಿದುಕೊಂಡಳು. ನಾವು ತಿರುಗಿ ಹೊರಟೆವು. ಹಿಂದೆ ಗೇಟಿನಲ್ಲಿ ಯಾರದೋ ಮಗು "ಅಮ್ಮಾ, ಅಮ್ಮಾ" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿತ್ತು. ಆ ಹೊತ್ತಿನಲ್ಲಿ ಆ ಗೇಟಿನಲ್ಲಿ ಬೇರೆ ಶಬ್ದ ಯಾವುದಿರುತ್ತದೆ? ನಾನು ತಿರುಗಿ ನೋಡಲಿಲ್ಲ. ಹಿಟ್ಟು ಕಲಸುವುದಿತ್ತು.

ದಾರಿಯಲ್ಲಿ ಅವಳು ಹೆಬ್ಬೆರಳು ಚೀಪುತ್ತಿದ್ದಳು. "ಇದು ಮತ್ತೆ ಶುರುವಾಯ್ತಾ?" ಎಂದು ಗದರಿದೆ. ಬೆರಳನ್ನು ಲಂಗದ ಹಿಂದೆ ಬಚ್ಚಿಟ್ಟಳು. ಮನೆಗೆ ಬಂದು ಫ್ರಾಕು ಬದಲಾಯಿಸಿದರೆ ಭುಜದಿಂದ ಜಾರಿ ಬಿತ್ತು. ಎಷ್ಟು ಇಳಿದುಹೋಗಿದೆ ಮಗು, ನಾನು ನೋಡಿಕೊಂಡೇ ಇಲ್ಲ ಎಂದುಕೊಂಡೆ. ಅದಕ್ಕೇ ಬಿಸಿ ರೊಟ್ಟಿ, ಅದಕ್ಕೇ ಪಲ್ಯ. "ಆಂಟಿ, ಇನ್ನೊಂಚೂರು" ಅಂದಳು. "ಆಂಟಿಯಂತೆ ಆಂಟಿ! ಇದ್ಯಾವ ಹೊಸ ಆಟವೇ ಪುಟ್ಟಿ?" ಅಂದೆ. ಹೋದ ತಿಂಗಳು ನನ್ನನ್ನು ಡ್ರೈವರಣ್ಣ ಎಂದು ಕರೆಯುತ್ತಿದ್ದಳು. ಮಕ್ಕಳ ಆಟಕ್ಕೆ ತಲೆಬುಡ ಹುಡುಕುವಷ್ಟು ಶಕ್ತಿ ನನಗಿರಲಿಲ್ಲ.

ಊಟವಾದ ಮೇಲೆ ಅವಳನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚಿದೆ. ಎಣ್ಣೆ ಹಚ್ಚಲು ನೆತ್ತಿಗೆ ಬೆರಳಿಟ್ಟೆ. ವೇಣಿಗೆ ಎರಡು ಸುಳಿ. ಎರಡು ಸುಳಿಯವರು ಮೊಂಡರು ಎಂದು ಅವಳಪ್ಪ ರೇಗಿಸುತ್ತಿದ್ದರು. ದಿನಾ ಬಾಚುವ ತಲೆ, ಕಣ್ಣು ಮುಚ್ಚಿಕೊಂಡೂ ಬೈತಲೆ ತೆಗೆಯಬಲ್ಲೆ. ಬೆರಳಿಗೆ ಒಂದೇ ಸುಳಿ ಸಿಕ್ಕಿತು. ಇನ್ನೊಂದನ್ನು ಹುಡುಕಿದೆ. ಕಿವಿಯ ಹಿಂದಿನವರೆಗೂ ಹುಡುಕಿದೆ. ಸುಳಿ ಎಲ್ಲಿಗೆ ಹೋಗುತ್ತದೆ? ಮುಖ ಹೋಗುವ ಊರಿನಲ್ಲಿ ಸುಳಿಯೂ ಹೋಗಲು ಶುರುವಾಯಿತೆ? ಪುಸ್ತಕ ತೆಗೆದು ಅವಳನ್ನು ನನ್ನ ಕಡೆ ತಿರುಗಿಸಿ ನೋಡಿದೆ. ಮುಖ ಸರಿಯಾಗಿಯೇ ಇದೆ. ಗೆರೆಗೆ ಗೆರೆ ಕೂರುತ್ತದೆ. ಮತ್ತೆ ತಲೆ ತಿರುಗಿಸಿ ನೋಡಿದೆ. ಒಂದೇ ಸುಳಿ. ಎಣ್ಣೆಯ ಬಟ್ಟಲು ಕೆಳಗಿಟ್ಟು ಮತ್ತೊಮ್ಮೆ ನೆತ್ತಿಗೆ ಬೆರಳಿಟ್ಟೆ. ಆಗ ಬಾಗಿಲು ಬಡಿದರು.

ದಾಕ್ಷಾಯಣಮ್ಮ ನಿಂತಿದ್ದಳು. ಜೊತೆಗೆ ಉದ್ದನೆಯ, ಅತ್ತು ಕಣ್ಣು ಊದಿದ ಒಂದು ಹುಡುಗಿ. "ಮಕ್ಕಳೆಲ್ಲ ಹೋದ್ರು, ಇದೊಂದು ಉಳೀತು. ಇದೇ ಮನೆ ಅಂತ ದಾರಿ ತೋರಿಸಿಕೊಂಡು ಬಂತು. ನಿಮ್ಮ ಮಗಳಂತೆ."

"ನನ್ನ ಮಗಳು ಒಳಗಿದಾಳೆ" ಅಂದೆ.

ಆ ಮಾತು ನನ್ನ ಬಾಯಿಂದಲೇ ಬಂತು. ಆ ಹುಡುಗಿ ಅಳಲಿಲ್ಲ. ನನ್ನ ಮುಖವನ್ನು ಒಂದು ಸಲ ನೋಡಿ, ಆಮೇಲೆ ನನ್ನ ಪಕ್ಕದಿಂದ ಬಗ್ಗಿ ಒಲೆಯ ಕಡೆ ನೋಡಿದಳು, ಅಲ್ಲಿ ಯಾರೋ ಇರಬೇಕಿತ್ತು ಅನ್ನುವ ಹಾಗೆ.

ಒಳಗಿನಿಂದ ಚಿಕ್ಕವಳು ಕೆದರಿದ ತಲೆಯಲ್ಲೇ ಓಡಿಬಂದಳು. "ವೇಣಿ ಅಕ್ಕಾ! ನೀನೂ ಈ ಆಂಟಿ ಮನೆಗೆ ಬಂದ್ಯಾ?"

"ಅವಳು ವೇಣಿ ಆದ್ರೆ ನೀನು ಯಾರೇ?" ಅಂದೆ.

"ಚಾರು."

"ಮತ್ತೆ ಇಷ್ಟು ಹೊತ್ತೂ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ." ಸ್ವಲ್ಪ ಯೋಚಿಸಿ, "ಅಪ್ಪನಿಗೆ ಕೆಲಸ ಇದ್ರೆ ಯಾರಾದ್ರೂ ಆಂಟಿ ಕೈಲಿ ನನ್ ಪುಟ ಕೊಟ್ಟು ಕಳಿಸ್ತಾರೆ. ನೀವು ಹೀರೇಕಾಯಿ ಆಂಟಿ" ಅಂದಳು.

ನಾನು ದೊಡ್ಡ ಹುಡುಗಿಯನ್ನು ಹತ್ತಿರ ಎಳೆದುಕೊಂಡು ನೆತ್ತಿ ಮುಟ್ಟಿದೆ. ಒಂದು ಸುಳಿ. ಅದರ ಪಕ್ಕದಲ್ಲೇ ಇನ್ನೊಂದು. ಬೆರಳಿಗೆ ಎಲ್ಲವೂ ಗೊತ್ತಾಯಿತು. ಅವಳ ಗಲ್ಲ ಎತ್ತಿ ನೋಡಿದರೆ ಕಣ್ಣಿಗೆ ಏನೂ ಗೊತ್ತಾಗಲಿಲ್ಲ. ಯಾರದೋ ಮುಖ. ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕೂತು ಮುಂದಿನ ಸ್ಟಾಪಿನಲ್ಲಿ ಇಳಿದುಹೋಗುವ ಮುಖ. ಎರಡು ಅಂಗುಲ ಮೇಲೆ ನನ್ನ ಮಗಳು, ಕೆಳಗೆ ಯಾರೋ. 

"ಇವಳೇ ನನ್ನ ಮಗಳು. ಎರಡು ಸುಳಿ ಇದೆ" ಅಂದೆ.

"ಈಗ ತಾನೆ ಒಳಗಿದಾಳೆ ಅಂದ್ರಿ." ದಾಕ್ಷಾಯಣಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. "ನೋಡಿ ತಾಯಿ, ಎರಡು ಸುಳಿ ಈ ಊರಲ್ಲಿ ನೂರು ಜನಕ್ಕಿದೆ, ನನಗೂ ಇದೆ. ಪುಟದಲ್ಲಿ ಸುಳಿ ಇದ್ಯಾ? ಇಲ್ಲ. ಮುಖ ಇದೆ. ಆ ಮುಖ ಅಗೋ ಅಲ್ಲಿ ತಲೆ ಕೆದರಿಕೊಂಡು ನಿಂತಿದೆ. ಪುಟ ಇಲ್ಲದ ಮಗೂನ ಬಿಟ್ಟುಹೋದ್ರೆ ನನ್ನ ಕೆಲಸ ಹೋಗ್ತದೆ. ದೀಪದ ಹೊತ್ತಿಗೆ ಉಳಿದವರ ಕೋಣೇಲಿ ಮಲಗಿಸಬೇಕು."

ಉಳಿದವರ ಕೋಣೆ ಎಂದರೆ ಏನೆಂದು ನನಗೆ ಗೊತ್ತು. ನಮ್ಮ ಮೆಸ್ಸಿನಲ್ಲಿ ತರಕಾರಿ ಹೆಚ್ಚುವ ಉಳಿದಪ್ಪ ಅಲ್ಲಿಂದ ಬಂದವನು. ಮಾತು ಬಾರದ ವಯಸ್ಸಿನಲ್ಲಿ ಒಂದು ರಾತ್ರಿ ಅಲ್ಲಿ ಮಲಗಿದ, ಬೆಳಿಗ್ಗೆ ಯಾರ ಪುಟಕ್ಕೂ ಹೋಲಲಿಲ್ಲ. ಈಗ ಅವನಿಗೆ ತಲೆ ನರೆತಿದೆ. ನಗುನಗುತ್ತಲೇ ಇರುತ್ತಾನೆ. ಆದರೆ ಯಾರ ಸಂಜೆ ಪುಸ್ತಕ ಕೈಗೆ ಸಿಕ್ಕರೂ ಈರುಳ್ಳಿ ಬಿಟ್ಟು ಅದರ ಹಳೆಯ ಪುಟಗಳನ್ನು ತಿರುವಿ ಹಾಕುತ್ತಾನೆ, ಮಕ್ಕಳ ಮುಖ ಬಂದಲ್ಲಿ ನಿಧಾನ ಮಾಡುತ್ತಾನೆ.

"ಅದಕ್ಕೆ ಹೆಸರಿದೆ, ವಿಳಾಸ ಇದೆ, ಎಂಟು ವರ್ಷದ ಹುಡುಗಿ ಅದು!" ಎಂದು ಕೂಗಿದೆ.

"ಅದನ್ನೇ ಕೇಳ್ತೀನಿ." ಆಯಾ ವೇಣಿಯ ಕಡೆ ತಿರುಗಿದಳು. "ಎಂಟು ವರ್ಷ ಅಂದ್ರೆ ನಿನ್ನ ಹತ್ರಾನೂ ಪುಸ್ತಕ ಇರ್ಬೇಕಲ್ಲ. ಇವರು ನಿಮ್ಮಮ್ಮ ಆಗಿದ್ರೆ, ಗೇಟಲ್ಲಿ ನನ್ನ ಎದುರಿಗೇ ನಿಂತಿದ್ರಲ್ಲ, ಆಗ ಯಾಕೆ ಓಡಿಬರಲಿಲ್ಲ?"

ವೇಣಿ ಚೀಲದಿಂದ ತನ್ನ ಪುಸ್ತಕ ತೆಗೆದಳು. ಅಂಗಡಿಯಲ್ಲಿ ಉಳಿದ ಚೂರು ಹಾಳೆಗಳನ್ನು ಕೂಡಿಸಿ ನಾನೇ ಹೊಲಿದುಕೊಟ್ಟದ್ದು. ರಟ್ಟಿಗೆ ನನ್ನ ಮದುವೆಯ ಸೀರೆಯ ತುದಿ. ಕೊಟ್ಟ ಮೇಲೆ ನಾನು ಅದನ್ನು ತೆರೆದು ನೋಡಿರಲಿಲ್ಲ. ಆಯಾ ಪುಟ ತಿರುವಿದಳು. ಇನ್ನೊಂದು ತಿರುವಿದಳು. ಎಂಜಲು ಹಚ್ಚಿಕೊಂಡು ಮಧ್ಯದಿಂದ ತೆಗೆದಳು, ಕೊನೆಯಿಂದ ತೆಗೆದಳು.

"ಇದೇನೇ ಇದು? ಎಲ್ಲಾ ಬೆನ್ನು!"

ಬೆನ್ನೇ. ಒಲೆಯ ಮುಂದೆ ಬಗ್ಗಿದ ಬೆನ್ನು, ಹೊಲಿಗೆಗೆ ಬಾಗಿದ ಬೆನ್ನು, ಪಾತ್ರೆ ತಿಕ್ಕುವ ಬೆನ್ನು. ಜಾರಿದ ತುರುಬು, ರವಿಕೆಯ ಹೊಲಿಗೆ ಬಿಟ್ಟ ಜಾಗ, ಎಡ ಮೊಣಕೈಯ ಸುಟ್ಟ ಕಲೆ. ಕುತ್ತಿಗೆಯ ಹಿಂದೆ ನನಗೆ ಒಂದು ಮಚ್ಚೆಯಿದೆ ಎಂದು ನನಗೇ ಅವತ್ತು ಗೊತ್ತಾಗಿದ್ದು. ಒಂದರ ಹಾಗೆ ಇನ್ನೊಂದು ಇರಲಿಲ್ಲ. ಒಂದರಲ್ಲಿ ಸೆರಗು ಒದ್ದೆಯಾಗಿತ್ತು, ಒಂದರಲ್ಲಿ ಕೂದಲಿಗೆ ಹಿಟ್ಟು ಹತ್ತಿತ್ತು. ಮುಖ ಎಲ್ಲೂ ಇರಲಿಲ್ಲ.

"ಅಮ್ಮ ಹಂಗೇ ಇರೋದು" ಅಂದಳು ವೇಣಿ. ಕೂಗಿ ಕೂಗಿ ದನಿ ಒಡೆದಿತ್ತು. "ಗೇಟಲ್ಲಿ ಇವರು ಮುಂದೆ ಇದ್ರು, ನಂಗೆ ಗೊತ್ತಾಗಲಿಲ್ಲ. ಚಾರೂನ ಕರ್ಕೊಂಡು ತಿರುಗಿದ್ರಲ್ಲ, ಆಗ ಗೊತ್ತಾಯ್ತು. ಎಷ್ಟು ಕೂಗಿದೆ. ನೀವು ನನ್ನ ಕೈ ಬಿಡಲಿಲ್ಲ."

ದಾಕ್ಷಾಯಣಮ್ಮ ಪುಸ್ತಕ ಮುಚ್ಚಿ ಹಿಂದಕ್ಕೆ ಕೊಟ್ಟಳು. ಬೀದಿಯಲ್ಲಿ ದೀಪ ಹತ್ತಿದೆಯೇ ಎಂದು ಬಗ್ಗಿ ನೋಡಿದಳು. "ಹೋಗ್ಲಿ. ಇನ್ನೂ ದೀಪದ ಹೊತ್ತಾಗಿಲ್ಲ. ನನ್ನ ಎದುರಿಗೆ ಈಗ ಒಂದು ಪುಟ ಬರೀರಿ. ಮಗೂಗೆ ಹೋಲಿದ್ರೆ ನಿಮ್ದು."

ಅದೇನು ಮಹಾ ಅಂದುಕೊಂಡೆ. ಒಂದು ದಿನವೂ ತಪ್ಪಿಸದೆ ಬರೆದವಳು ನಾನು. ಊರಿಗೇ ಪುಸ್ತಕ ಹೊಲಿಯುವವಳು. ವೇಣಿಯನ್ನು ಮಣೆಯ ಮೇಲೆ ಎದುರಿಗೆ ಕೂರಿಸಿದೆ, ಹೊಸ ಪುಟ ತೆಗೆದೆ, ಪೆನ್ಸಿಲು ಇಟ್ಟೆ. ಕೈ ಓಡಿತು. ಗುಂಡು ಕೆನ್ನೆ, ಸಣ್ಣ ಗಲ್ಲ, ಸಾಲು ಹಲ್ಲು. ಚಾರು ನನ್ನ ಭುಜದ ಮೇಲಿಂದ ಇಣುಕಿ ಚಪ್ಪಾಳೆ ತಟ್ಟಿದಳು. "ನಾನು! ನಾನು!"

ಕಿತ್ತು ಪಕ್ಕಕ್ಕಿಟ್ಟೆ. ಇನ್ನೊಂದು ಪುಟ. ಈ ಸಲ ಗಲ್ಲವನ್ನು ಉದ್ದ ಮಾಡಬೇಕು ಎಂದು ಬಾಯಲ್ಲಿ ಹೇಳಿಕೊಂಡೇ ಶುರು ಮಾಡಿದೆ. ಕೈ ಕೇಳಲಿಲ್ಲ. ಮನೆ ದಾರಿ ಹಿಡಿದ ಎತ್ತಿನ ಹಾಗೆ ತನ್ನ ಪಾಡಿಗೆ ತಾನು ಹೋಗಿ ಅದೇ ಗಲ್ಲದಲ್ಲಿ ನಿಂತಿತು. ಮತ್ತೆ ಚಾರು. ಅದನ್ನೂ ಕಿತ್ತಿಟ್ಟೆ. ನನ್ನ ಎದುರಿಗೆ ಒಬ್ಬಳು ಕೂತಿದ್ದಾಳೆ, ನನ್ನ ಕೈಯಿಂದ ಇನ್ನೊಬ್ಬಳು ಬರುತ್ತಾಳೆ. ಇಷ್ಟು ದಿನ ನಾನು ಯಾರನ್ನು ಬರೆಯುತ್ತಿದ್ದೆ? ಈ ಪುಸ್ತಕದ ಮೊದಲ ಪುಟದಲ್ಲಿ ಇದ್ದದ್ದು ವೇಣಿಯೇ, ಎರಡು ವರ್ಷದ ಹಿಂದಿನ, ಆರು ವರ್ಷದ ವೇಣಿ. ಅವಳು ಯಾವಾಗ ಎದ್ದುಹೋದಳು, ಅವಳು ಬಿಟ್ಟ ಮುಖಕ್ಕೆ ಈ ಚಾರು ಯಾವಾಗ ಬಂದು ಕೂತಳು?

ಅದೇ ಹೊತ್ತಿಗೆ ಚಾರುವಿನ ಅಪ್ಪ ಏದುಸಿರು ಬಿಡುತ್ತಾ ಬಂದರು. ಮದುವೆ ಮನೆಗಳಿಗೆ ಶಾಮಿಯಾನ ಹಾಕುವ ಸಂಪಣ್ಣ. ಹೆಗಲ ಮೇಲೆ ಇನ್ನೂ ಹಗ್ಗದ ಸುರುಳಿಯಿತ್ತು. ಸ್ಕೂಲಿಗೆ ಹೋಗಿ, ಅಲ್ಲಿಂದ ಕೇಳಿಕೊಂಡು ಬಂದಿದ್ದರು. ಜೇಬಿನಿಂದ ತಮ್ಮ ಪುಟ ತೆಗೆದು ಚಾರುವಿನ ಪಕ್ಕ ಹಿಡಿದರು. ಹೋಲಿತು. ಆಯಾ ತಲೆಯಾಡಿಸಿದಳು. ಆಗ ಅವರ ಕಣ್ಣು ನೆಲದ ಮೇಲೆ ತೆರೆದಿದ್ದ ನನ್ನ ಪುಸ್ತಕಕ್ಕೆ ಬಿತ್ತು. ಕೂತು ಪುಟ ತಿರುವಿದರು. ತಿರುವುತ್ತಲೇ ಇದ್ದರು.

"ಅಲ್ಲಮ್ಮಾ, ನನ್ನ ಮಗಳನ್ನ ನೀವು ಯಾಕೆ ಬರೀತಾ ಇದೀರಿ? ದಿನಾ?"

"ಅದು ನಿಮ್ಮ ಮಗಳಲ್ಲ. ಇವಳು."

ಅವರು ವೇಣಿಯನ್ನು ನೋಡಿದರು, ಪುಟ ನೋಡಿದರು, ಚಾರುವನ್ನು ನೋಡಿದರು. ಹಗ್ಗವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಏನೋ, ನಂಗೊಂದೂ ಅರ್ಥ ಆಗ್ತಿಲ್ಲ" ಎಂದು ನಿಜವಾಗಿಯೇ ಹೇಳಿದರು. ಆಮೇಲೆ ದನಿ ತಗ್ಗಿಸಿ, "ನಂಗೆ ಮೂಗು ಬರೆಯೋಕೆ ಬರಲ್ಲ. ನಿಮ್ಮದು ಚೆನ್ನಾಗಿದೆ. ಒಂದು ಪುಟ ಕೊಡ್ತೀರಾ?" ಅಂದರು. ಕಿತ್ತು ಪಕ್ಕಕ್ಕಿಟ್ಟಿದ್ದ ಎರಡನ್ನೂ ಕೊಟ್ಟೆ. ನನಗೆ ಅವು ಇನ್ನು ಯಾತಕ್ಕೆ? ಚಾರು ಹೋಗುವಾಗ, "ನಾಳೆ ಏನು ಪಲ್ಯ ಆಂಟಿ?" ಎಂದು ಕೇಳಿ ಹೋದಳು.

ಬೀದಿಯಲ್ಲಿ ಒಂದೊಂದೇ ಮನೆಯ ದೀಪ ಹತ್ತತೊಡಗಿತು. ಎದುರು ಮನೆಯ ಕಿಟಕಿಯಲ್ಲಿ ಸಾವಂತ್ರಕ್ಕ ಮತ್ತು ಅವರ ಯಜಮಾನರು ಪುಸ್ತಕ ಹಿಡಿದು ಎದುರುಬದುರು ಕೂತದ್ದು ಕಾಣುತ್ತಿತ್ತು. "ಅಲ್ಲಾಡಬೇಡಿ ಅಂದ್ರೆ!" ಎಂದು ಆಕೆ ಗದರುವುದು ಕೇಳಿಸಿತು. ದಾಕ್ಷಾಯಣಮ್ಮ ಎದ್ದು ಸೀರೆ ಕೊಡವಿಕೊಂಡಳು.

"ಅಮ್ಮ, ನೀನು ನನ್ನ ನೋಡ್ತಾನೇ ಇಲ್ಲ. ಕೈ ನೋಡ್ತಿದೀಯ" ಅಂದಳು ವೇಣಿ.

ನನಗೆ ಏನು ಹೊಳೆಯಿತೋ, ಅದು ಹೊಳೆದದ್ದೋ ಇಲ್ಲ ಸಿಟ್ಟೋ, ಪೆನ್ಸಿಲನ್ನು ಎಡಗೈಗೆ ಬದಲಾಯಿಸಿಕೊಂಡೆ. ಎಡಗೈಗೆ ಯಾವ ಮುಖವೂ ಗೊತ್ತಿಲ್ಲ. ಅದು ನನ್ನ ಜೀವಮಾನದಲ್ಲಿ ಮಾಡಿದ್ದೆಂದರೆ ಹಾಳೆ ಒತ್ತಿ ಹಿಡಿದದ್ದು, ಪಾತ್ರೆ ಹಿಡಿದದ್ದು. ಒಂದು ಗೆರೆ ಎಳೆಯಲು ಅವಳ ಮುಖವನ್ನು ಹತ್ತು ಸಲ ನೋಡಬೇಕಾಯಿತು. ಕೆನ್ನೆ ಎಲ್ಲಿ ಮುಗಿಯುತ್ತದೆ, ನೋಡು. ಗಲ್ಲ ಎಲ್ಲಿ ಶುರುವಾಗುತ್ತದೆ, ನೋಡು. ಬಲಗಿವಿ ಎಡಕ್ಕಿಂತ ಹೊರಗೆ ಬಂದಿದೆ. ಮುಂದಿನ ಹಲ್ಲು ಅರ್ಧ ಹುಟ್ಟಿ ನಿಂತಿದೆ. ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಬಿಳಿ ಗೆರೆ.

"ಇದು ಯಾವಾಗ ಆಯ್ತೇ?"

"ಹೋದ ವರ್ಷ. ಬಾವಿಕಟ್ಟೆ ಹತ್ರ ಬಿದ್ನಲ್ಲ. ನೀನೇ ಅರಿಶಿನ ಹಚ್ಚಿದ್ದು."

ಹಚ್ಚಿದ್ದು ನೆನಪಿತ್ತು. ರಕ್ತ ನೆನಪಿತ್ತು, ಅರಿಶಿನದ ಡಬ್ಬಿ ಕೈಜಾರಿ ಬಿದ್ದದ್ದು, ಮೂರು ಮನೆಯವರು ಓಡಿಬಂದದ್ದು ನೆನಪಿತ್ತು. ಆ ನೆನಪಿನಲ್ಲಿ ನನ್ನ ಬೆರಳುಗಳ ತುದಿಯಲ್ಲಿ ಮುಖ ಇರಬೇಕಾದ ಜಾಗ ಖಾಲಿಯಿತ್ತು. ಎಡಗೈ ಸೊಟ್ಟಸೊಟ್ಟಗೆ ಆ ಬಿಳಿ ಗೆರೆಯನ್ನು ಎಳೆಯಿತು.

ದಾಕ್ಷಾಯಣಮ್ಮ ಪುಟವನ್ನು ದೀಪದ ಹತ್ತಿರ ಹಿಡಿದು ಕಣ್ಣು ಕಿರಿದು ಮಾಡಿದಳು. "ಇದು ಮುಖಾನಾ, ಸೋರೆಕಾಯಾ?" ವೇಣಿಯ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿದಳು. "ಕಿವಿ ಇದೆ. ಹಲ್ಲು ಇದೆ. ಹುಬ್ಬಿನ ಗೆರೆ ಇದೆ." ಬಹಳ ಹೊತ್ತು ನೋಡಿದಳು.  "ಈ ಸೋರೆಕಾಯಿ ಊರಲ್ಲಿ ಇನ್ಯಾವ ಮಗೂಗೂ ಹೋಲಲ್ಲ. ಆಯ್ತು, ಇಟ್ಕೊಳ್ಳಿ." ಬಾಗಿಲು ದಾಟಿದವಳು ತಿರುಗಿ ನಿಂತು, "ನಾಳೆ ಗೇಟಿಗೆ ಇನ್ನೂ ಚೆನ್ನಾಗಿರೋದು ತನ್ನಿ. ನಾಳೆಗೆ ನಿಮ್ಮ ಮುಖಾನೂ ನೆನಪಿರಲ್ಲ, ನಿಮ್ಮ ಕಥೇನೂ ಕೇಳಲ್ಲ" ಎಂದು ಹೇಳಿ ಹೋದಳು.

ವೇಣಿ ಉಳಿದ ರೊಟ್ಟಿ ತಿಂದಳು. ಹೀರೇಕಾಯಿ ಪಲ್ಯವನ್ನು ತಟ್ಟೆಯ ಅಂಚಿಗೆ ದೂಡಿದಳು. ನಾನು ಬೈಯಲಿಲ್ಲ. ಬೈಯಬೇಕಿತ್ತೇನೋ, ನನಗೆ ತಿಳಿಯಲಿಲ್ಲ. ಎದುರಿಗೆ ಕೂತು ಅವಳು ಅಗಿಯುವುದನ್ನು ನೋಡುತ್ತಿದ್ದೆ. ಇದು ನನ್ನ ಮಗಳು ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ, ಹೊಸ ಮನೆಯ ವಿಳಾಸ ಬಾಯಿಪಾಠ ಮಾಡುವವರ ಹಾಗೆ. "ಏನು ನೋಡ್ತೀಯಾ?" ಎಂದು ಅವಳು ಕೈ ಅಡ್ಡ ಹಿಡಿದು ಮುಖ ಮುಚ್ಚಿಕೊಂಡಳು. ಅವಳಿಗೂ ರೂಢಿಯಿರಲಿಲ್ಲ.

ಬೆಳಿಗ್ಗೆ ನಾನು ಮೆಸ್ಸಿಗೆ ಹೋಗಲಿಲ್ಲ. ಉಳಿದಪ್ಪನಿಗೆ ಇಡ್ಲಿ ಇಳಿಸಲು ಬರುತ್ತದೆ, ಇಳಿಸಿಕೊಳ್ಳಲಿ ಎಂದುಕೊಂಡೆ. ಒಲೆಯ ಮೇಲೆ ಹಾಲಿಟ್ಟು, ಪುಟ ತೆರೆದು ನೋಡಿದೆ. ಒಂದು ಸೋರೆಕಾಯಿ. ಅದಕ್ಕೆ ಒಂದು ಕಿವಿ, ಅರ್ಧ ಹಲ್ಲು, ಒಂದು ಗೆರೆ. ಇಷ್ಟನ್ನು ಹಿಡಿದುಕೊಂಡು ಯಾರನ್ನು ಹುಡುಕುವುದು? ಅಷ್ಟರಲ್ಲಿ ಹೊದಿಕೆಯಿಂದ ಒಬ್ಬಳು ಹುಡುಗಿ ಎದ್ದು ಬಂದಳು. ಕಂಡ ನೆನಪೇ ಇಲ್ಲದ ಮುಖ. ನಾನು ಪುಟ ನೋಡಿದೆ, ಅವಳನ್ನು ನೋಡಿದೆ. ಕಿವಿ ಇತ್ತು. ಹಲ್ಲು ಕಾಣಲು ಅವಳು ಬಾಯಿ ತೆರೆಯಬೇಕಿತ್ತು.

ಅವಳೂ ತನ್ನ ಪುಸ್ತಕ ತೆರೆದು, ಪುಟವನ್ನೂ ನನ್ನನ್ನೂ ಅದೇ ಹಾಗೆ ನೋಡುತ್ತಿದ್ದಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತೆವು, ತಪ್ಪು ಮನೆಯ ಬಾಗಿಲು ತಟ್ಟಿದವರ ಹಾಗೆ.

"ತಿರುಗು" ಅಂದಳು.

ತಿರುಗಿದೆ. ಗೋಡೆಯ ಕಡೆ ಮುಖ ಮಾಡಿ, ಒಲೆಯ ಮೇಲೆ ಬಗ್ಗಿದಾಗ ಬರುವ ಹಾಗೆ ಬೆನ್ನು ಬಾಗಿಸಿ ನಿಂತೆ. ಹಿಂದೆ ಪುಟ ತಿರುವುವ ಸದ್ದು. ಒಂದು ಪುಟ. ಇನ್ನೊಂದು. ಕುತ್ತಿಗೆಯ ಹಿಂದೆ ತಣ್ಣನೆಯ ಬೆರಳು ಬಂದು ಮಚ್ಚೆಯನ್ನು ಮುಟ್ಟಿತು.

"ಹ್ಞಾಂ. ನೀನೇ." ಅರ್ಧ ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟ ಹಾಗಿತ್ತು ಮಾತು. "ಈಗ ಈ ಕಡೆ ತಿರುಗಿ ಕೂತ್ಕೋ. ಅಲ್ಲಾಡಬೇಡ."

ಕೂತೆ. ಪೆನ್ಸಿಲು ಹಾಳೆಯ ಮೇಲೆ ಓಡಾಡುವ ಸದ್ದು ಕೇಳುತ್ತಿತ್ತು. ಅವಳು ತಲೆ ಎತ್ತಿ ನೋಡುವಾಗಲೆಲ್ಲ ನಾನು ಹುಬ್ಬಿನ ಆ ಬಿಳಿ ಗೆರೆಯನ್ನು ನೋಡುತ್ತಿದ್ದೆ. ನನ್ನ ಬೆನ್ನ ಹಿಂದೆ ಹಾಲು ಸುಂಯ್ ಎಂದು ಏರಿತು, ಉಕ್ಕಿತು, ಒಲೆಯ ಮೇಲೆ ಸುರಿದು ಸುಟ್ಟ ವಾಸನೆ ಎದ್ದಿತು. ನಾನು ಅಲ್ಲಾಡಲಿಲ್ಲ.